ದೇಶಾಂತರವೆಂದರೆ ಎಷ್ಟು ದೂರ?

ಸಮೀಪದಲ್ಲಿರುವ ಮನುಷ್ಯನಿಗೆ ಯಾವುದು ಕರ್ತವ್ಯವೋ ಅದು ದೂರದಲ್ಲಿರುವವನಿಗೂ ಅಷ್ಟೇ ಕರ್ತವ್ಯವೇ? ಅಥವಾ ದೂರವೆಂಬುದು ಕರ್ತವ್ಯದ ಭಾರವನ್ನು ಸ್ವಲ್ಪಮಟ್ಟಿಗಾದರೂ ಇಳಿಸುವುದೇ? ಈ ಪ್ರಶ್ನೆಯು ಹೊಸದಲ್ಲ; ನಮ್ಮ ಧರ್ಮಶಾಸ್ತ್ರಕಾರರು ಇದನ್ನು ಬಹುಕಾಲದ ಹಿಂದೆಯೇ ವಿಚಾರಮಾಡಿರುವರು. ಆದರೆ ದೂರದ ಅಳತೆಯೇ ನಮ್ಮ ಕಾಲದಲ್ಲಿ ಬದಲಾಗಿ ಹೋಗಿರುವುದರಿಂದ ಇದನ್ನು ಮತ್ತೊಮ್ಮೆ ಪರ್ಯಾಲೋಚಿಸುವುದು ಅವಶ್ಯವಾಗಿದೆ. ಯಾವ ಮನೆಯ ಮಗನೋ ಮಗಳೋ ಸಮುದ್ರದಾಚೆ ನೆಲಸಿರುವರೋ ಆ ಮನೆಯಲ್ಲಿ ಇದು ಬರಿಯ ತರ್ಕದ ಪ್ರಶ್ನೆಯಾಗಿ ಉಳಿದಿಲ್ಲ. ಅಂಥ ಮನೆಗಳು ಈಗ ನಮ್ಮ ಸಣ್ಣ ಊರುಗಳಲ್ಲಿಯೂ ವಿರಳವಲ್ಲವೆಂಬುದನ್ನು ವಾಚಕರು ಬಲ್ಲರು.

ಮೊದಲು ಅಳತೆಯ ವಿಷಯವನ್ನು ಸ್ಪಷ್ಟಪಡಿಸಿಕೊಳ್ಳೋಣ. ದೇವನಹಳ್ಳಿಯ ಬಳಿ ೨೦೦೮ನೆಯ ಇಸವಿಯ ಮೇ ತಿಂಗಳಿನಲ್ಲಿ ತೆರೆದ ಬೆಂಗಳೂರಿನ ವಿಮಾನನಿಲ್ದಾಣಕ್ಕೂ, ಅಮೆರಿಕದ ಪಶ್ಚಿಮತೀರದಲ್ಲಿರುವ ಸ್ಯಾನ್ ಫ್ರಾನ್ಸಿಸ್ಕೋ ನಗರದ ನಿಲ್ದಾಣಕ್ಕೂ ನಡುವೆ, ಭೂಗೋಳದ ಮೈಮೇಲೆ ಅತ್ಯಂತ ಹತ್ತಿರದ ದಾರಿಯು ಸುಮಾರು ೧೪,೦೦೦ ಕಿಲೋಮೀಟರು. ಭೂಮಿಯ ಸುತ್ತಳತೆ ಸುಮಾರು ೪೦,೦೦೦ ಕಿಲೋಮೀಟರಾದುದರಿಂದ ಈ ಗೋಳದ ಮೇಲೆ ಯಾವ ಎರಡು ಸ್ಥಳಗಳ ನಡುವೆಯೂ ೨೦,೦೦೦ಕ್ಕಿಂತ ಹೆಚ್ಚಿನ ದೂರವಿರಲಾರದು. ಅಂದರೆ ಮನುಷ್ಯನು ಭೂಮಿಯ ಮೇಲೆ ಎಷ್ಟು ದೂರ ಹೋಗಬಲ್ಲನೋ ಅದರಲ್ಲಿ ಹತ್ತರಲ್ಲಿ ಏಳು ಪಾಲು ದೂರ ಈ ಎರಡು ಊರುಗಳ ಮಧ್ಯೆ ಇದೆ. ಗೋಡೆಯ ಭೂಪಟವನ್ನು ನೋಡಿದವನು ಈ ದಾರಿಯು ಪೆಸಿಫಿಕ್ ಸಾಗರದ ಮೇಲೆ ನೆಟ್ಟಗೆ ಪೂರ್ವಕ್ಕೆ ಹೋಗಬೇಕೆಂದು ಊಹಿಸುವನು. ಆದರೆ ಶಾಲೆಯ ಗೋಳದ ಮೇಲೆ ಒಂದು ದಾರವನ್ನು ಬಿಗಿದು ಹಿಡಿದರೆ, ಆ ದಾರವು ಉತ್ತರಕ್ಕೆ ಏರಿ, ಚೀನಾ ಸೈಬೀರಿಯಾಗಳನ್ನು ಹಾದು, ೭೦ ಡಿಗ್ರಿ ಅಕ್ಷಾಂಶವನ್ನೂ ಮುಟ್ಟಿ ದಾಟಿ, ಮತ್ತೆ ದಕ್ಷಿಣಕ್ಕೆ ಇಳಿಯುವುದನ್ನು ಕಾಣಬಹುದು. ಗೋಳದ ಮೇಲಿನ ಇಂಥ ದಾರಿಗೆ ಮಹಾವೃತ್ತಮಾರ್ಗವೆಂದು ಹೆಸರು.

ಗಂಟೆಗೆ ೯೦೦ ಕಿಲೋಮೀಟರಿನಂತೆ ಹಾರುವ ವಿಮಾನಕ್ಕೆ ಈ ದೂರವನ್ನು ಕ್ರಮಿಸಲು, ಬರಿಯ ಗಣಿತದ ಪ್ರಕಾರ, ಹದಿನೈದೂವರೆ ಗಂಟೆ ಸಾಕು. ಆದರೆ ಆಕಾಶದಲ್ಲಿ ಬಹಳ ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ರಭಸವಾಗಿ ಬೀಸುವ ಗಾಳಿಯುಂಟು. ಅದು ಹೋಗುವವನಿಗೆ ಬೆನ್ನಿನ ಗಾಳಿ, ಬರುವವನಿಗೆ ಎದುರುಗಾಳಿ. ಆದಕಾರಣ ಹೋಗುವ ಕಾಲವೂ ಬರುವ ಕಾಲವೂ ಒಂದೇ ಅಲ್ಲ. ೨೦೨೧ನೆಯ ಇಸವಿಯ ಜನವರಿ ೯ರ ರಾತ್ರಿ ಸ್ಯಾನ್ ಫ್ರಾನ್ಸಿಸ್ಕೋವಿನಿಂದ ಹೊರಟ ಏರ್ ಇಂಡಿಯಾ ವಿಮಾನವು ಉತ್ತರಧ್ರುವಪ್ರದೇಶದ ಮಾರ್ಗವಾಗಿ, ನಡುವೆ ಎಲ್ಲಿಯೂ ಇಳಿಯದೆ, ಸುಮಾರು ಹದಿನೇಳು ಗಂಟೆ ಹಾರಿ, ಜನವರಿ ೧೧ರ ನಸುಕಿನಲ್ಲಿ ಬೆಂಗಳೂರಿನಲ್ಲಿ ಇಳಿಯಿತು. ಅದನ್ನು ನಡೆಸಿದ ನಾಲ್ವರು ಚಾಲಕರೂ ಸ್ತ್ರೀಯರು. ಅವರ ಮುಖ್ಯಸ್ಥೆ ಜೋಯಾ ಅಗರ್‌ವಾಲ್ ಎಂಬವರು. ಈ ಎರಡು ನಗರಗಳ ನಡುವೆ ನೇರವಾಗಿ ನಡೆದ ಮೊದಲ ಪ್ರಯಾಣವದು. ಹದಿನೇಳು ಗಂಟೆಯೆಂದರೆ ನಲವತ್ತೆರಡೂವರೆ ಘಳಿಗೆ. ಒಂದು ಅಹೋರಾತ್ರಿಯೂ ಅಲ್ಲ.

ಈ ಸಂಖ್ಯೆಯ ಮಹತ್ವವು ತಿಳಿಯಬೇಕಾದರೆ ಹಿಂದಿನದನ್ನು ನೆನೆಯಬೇಕು. ೧೯೩೨ನೆಯ ಅಕ್ಟೋಬರ್ ೧೫ರಂದು ಜೆ. ಆರ್. ಡಿ. ಟಾಟಾ ಅವರು ಸಣ್ಣದೊಂದು ವಿಮಾನದಲ್ಲಿ ಕರಾಚಿಯಿಂದ ಅಹಮದಾಬಾದಿನ ಮಾರ್ಗವಾಗಿ ಮುಂಬಯಿಗೆ ಟಪಾಲನ್ನು ತಂದರು. ಅಲ್ಲಿಂದ ನೆವಿಲ್ ವಿನ್ಸೆಂಟ್ ಎಂಬವರು ಅದನ್ನು ನಮ್ಮ ಬಳ್ಳಾರಿಯ ಮೇಲಿಂದ ಮದರಾಸಿಗೆ ಮುಟ್ಟಿಸಿದರು. ೧೯೪೮ನೆಯ ಜೂನ್ ೮ರಂದು ಮುಂಬಯಿಯಿಂದ ಹೊರಟ ‘ಮಲಬಾರ್ ಪ್ರಿನ್ಸೆಸ್’ ಎಂಬ ವಿಮಾನವು ಕೈರೋ, ಜಿನೀವಾ ನಗರಗಳಲ್ಲಿ ಇಳಿದು ಏರಿ, ಮೂರನೆಯ ದಿನ ಲಂಡನ್ ಸೇರಿತು. ಅದಕ್ಕೂ ಮುಂಚೆ ಹಡಗಿನಲ್ಲಿ ಹೋಗುತ್ತಿದ್ದವರು ವಾರಗಳ ಲೆಕ್ಕವನ್ನು ಇಡುತ್ತಿದ್ದರು. ಒಂದು ಪುರುಷಾಯುಷದೊಳಗೆ ವಾರವು ದಿನವಾಯಿತು, ದಿನವು ಗಂಟೆಯಾಯಿತು.

ಈಗ ಇನ್ನೊಂದು ಲೆಕ್ಕವನ್ನು ಮಾಡೋಣ. ನಮ್ಮ ಅಜ್ಜಿಯರ ಕಾಲದ ಎತ್ತಿನ ಗಾಡಿಯು ಗಂಟೆಗೆ ಎರಡು ಮೈಲಿ ಸಾಗುತ್ತಿದ್ದಿತೆಂದು ಇಟ್ಟುಕೊಂಡರೆ ಹದಿನೇಳು ಗಂಟೆಗೆ ಮೂವತ್ತನಾಲ್ಕು ಮೈಲಿ. ಹರಿದಾರಿಗೆ ಮೂರು ಮೈಲಿಯಂತೆ ಸುಮಾರು ಹನ್ನೊಂದು ಹರಿದಾರಿ. ಹನ್ನೊಂದು ಹರಿದಾರಿ ಆಚೆಯ ಊರಿಗೆ ಮಗಳನ್ನು ಕೊಟ್ಟ ಅಂದಿನ ತಂದೆಗೆ ಆ ಮಗಳು ಎಷ್ಟು ದೂರವಾಗಿದ್ದಳೋ, ಗಂಟೆಯ ಲೆಕ್ಕದಲ್ಲಿ, ಸ್ಯಾನ್ ಫ್ರಾನ್ಸಿಸ್ಕೋವಿನಲ್ಲಿರುವ ಮಗನು ಇಂದಿನ ತಂದೆಗೆ ಅಷ್ಟೇ ದೂರ. ಎತ್ತಿಗೆ ಮೇವು, ನೀರು, ವಿಶ್ರಾಂತಿಗಳ ಹೊತ್ತನ್ನು ಸೇರಿಸಿದರೆ ಅಂದಿನದು ಎರಡು ದಿನದ ಪಯಣ. ನಮ್ಮಂಥ ಊರಿನಿಂದ ದೇವನಹಳ್ಳಿಯನ್ನು ಸೇರುವುದಕ್ಕೆ ಬೇಕಾದ ಹೊತ್ತು, ಅಲ್ಲಿನ ತಪಾಸಣೆಗಳ ಹೊತ್ತು, ಆಚೆಯ ದಡದಲ್ಲಿ ಇಳಿದ ಮೇಲೆ ಮನೆ ಮುಟ್ಟುವ ಹೊತ್ತು ಇವನ್ನೆಲ್ಲ ಕೂಡಿಸಿದರೆ ಇಂದಿನದೂ ಒಂದು ದಿನವನ್ನು ಮೀರಿದ ಪಯಣವೇ. ಹಾಗಾದರೆ ಎರಡೂ ಸಮಾನವೆನ್ನೋಣವೇ?

ಸಮಾನವೆನ್ನಲು ಮನಸ್ಸು ಒಪ್ಪುವುದಿಲ್ಲ. ಅದಕ್ಕೆ ಕಾರಣಗಳೂ ಉಂಟು. ಗಾಡಿಯ ದಾರಿಗೆ ಬಾಗಿಲುಗಳಿರಲಿಲ್ಲ. ಗಾಡಿ ಸಿಕ್ಕದಿದ್ದರೆ ಕಾಲುನಡಿಗೆಯಿಂದಲಾದರೂ ತಂದೆಯು ಮಗಳ ಮನೆಯನ್ನು ಸೇರಬಹುದಾಗಿತ್ತು. ಈ ದಾರಿಗೋ ಬಾಗಿಲ ಮೇಲೆ ಬಾಗಿಲು. ಪಾಸ್‌ಪೋರ್ಟು ಬೇಕು, ವೀಸಾ ಬೇಕು, ಉದ್ಯೋಗ ಕೊಟ್ಟವನ ರಜೆ ಬೇಕು, ಟಿಕೆಟ್ಟಿಗೆ ತಕ್ಕ ಹಣ ಬೇಕು. ಇಲ್ಲಿಗೆ ಬಂದರೆ ಮರಳಿ ಒಳಗೆ ಹೋಗಲು ಅಪ್ಪಣೆ ಸಿಕ್ಕುವುದೋ ಇಲ್ಲವೋ ಎಂಬ ಅಂಜಿಕೆಯಲ್ಲಿ ವರ್ಷಗಟ್ಟಲೆ ಊರಿನ ಮುಖ ನೋಡದೆ ಇರುವವರೂ ಉಂಟು. ಅಂಥವನಿಗೆ ಹದಿನೇಳು ಗಂಟೆಯೆಂಬ ಮಾತು ಸುಳ್ಳು. ವಿಮಾನದ ವೇಗವು ವಿಮಾನದೊಳಗೆ ಕುಳಿತವನದೇ ಹೊರತು ಹೊರಗೆ ನಿಂತವನದಲ್ಲ.

ಮತ್ತೊಂದು ಭೇದವೂ ಇದೆ. ನಮ್ಮ ಜ್ಯೋತಿಷಶಾಸ್ತ್ರದಲ್ಲಿ ದೇಶಾಂತರವೆಂಬ ಶಬ್ದಕ್ಕೆ ರೇಖಾಂಶದ ಅಂತರವೆಂದು ಅರ್ಥ. ಲಂಕೆಯಲ್ಲಿ ಸೂರ್ಯೋದಯವಾಗುವಾಗ ಯಮಕೋಟಿಯಲ್ಲಿ ಮಧ್ಯಾಹ್ನ, ಸಿದ್ಧಪುರದಲ್ಲಿ ಅಸ್ತಮಯ, ರೋಮಕದಲ್ಲಿ ಅರ್ಧರಾತ್ರಿ ಎಂದು ಭಾಸ್ಕರಾಚಾರ್ಯರು ಸಿದ್ಧಾಂತಶಿರೋಮಣಿಯಲ್ಲಿ ತಿಳಿಸಿರುವರು. ಭಾರತದ ಗಡಿಯಾರವು ಪೂರ್ವ ೮೨½ ಡಿಗ್ರಿಯ ರೇಖೆಯನ್ನು ಅನುಸರಿಸುವುದು. ಸ್ಯಾನ್ ಫ್ರಾನ್ಸಿಸ್ಕೋವಿನದು ಪಶ್ಚಿಮ ೧೨೦ ಡಿಗ್ರಿಯ ರೇಖೆಯನ್ನು. ಎರಡರ ನಡುವೆ ೨೦೨½ ಡಿಗ್ರಿ. ಗಂಟೆಗೆ ೧೫ ಡಿಗ್ರಿಯಂತೆ ಭಾಗಿಸಿದರೆ ಹದಿಮೂರೂವರೆ ಗಂಟೆ. ಬೇಸಗೆಯಲ್ಲಿ ಅಲ್ಲಿಯವರು ಗಡಿಯಾರವನ್ನು ಒಂದು ಗಂಟೆ ಮುಂದಿಡುವುದರಿಂದ ಅದು ಹನ್ನೆರಡೂವರೆಯಾಗುವುದು. ಇಲ್ಲಿ ತಾಯಿಯು ದೇವರ ಮುಂದೆ ದೀಪ ಹಚ್ಚುವ ಹೊತ್ತಿಗೆ ಅಲ್ಲಿ ಮಗನಿಗೆ ಇನ್ನೂ ಬೆಳಗಾಗಿರದು. ವಿಮಾನವು ಅವನನ್ನು ಹದಿನೇಳು ಗಂಟೆಯಲ್ಲಿ ತಂದು ಇಳಿಸಿದರೂ, ಶರೀರವು ದಿನಕ್ಕೆ ಒಂದೊಂದು ಗಂಟೆಯಂತೆಯೇ ಹೊಸ ಹೊತ್ತಿಗೆ ಹೊಂದಿಕೊಳ್ಳುವುದೆಂಬುದು ವೈದ್ಯರ ಸ್ಥೂಲವಾದ ಲೆಕ್ಕ. ದೇಹವು ಇಳಿದ ಮೇಲೆಯೂ ಪ್ರಾಣವು ಕೆಲವು ದಿನ ದಾರಿಯಲ್ಲಿಯೇ ಇರುವುದೆಂದರೆ ಅತಿಶಯೋಕ್ತಿಯಾಗದು.

ಇನ್ನು ಧರ್ಮಶಾಸ್ತ್ರದ ದೇಶಾಂತರವನ್ನು ನೋಡೋಣ. ಬಂಧುವು ದೇಶಾಂತರದಲ್ಲಿ ಮೃತನಾದರೆ ಆಶೌಚವೆಷ್ಟು ಎಂಬ ಪ್ರಕರಣದಲ್ಲಿ ವ್ಯಾಖ್ಯಾನಕಾರರಿಗೆ ದೇಶಾಂತರವೆಂದರೇನೆಂದು ನಿರ್ಣಯಿಸಬೇಕಾಗಿ ಬಂದಿತು. ಅರವತ್ತು ಯೋಜನವೆಂದು ಕೆಲವರು, ನಲವತ್ತೆಂದು ಕೆಲವರು, ಮೂವತ್ತೆಂದು ಮತ್ತೆ ಕೆಲವರು. ಯೋಜನದ ಲೆಕ್ಕದಿಂದ ತೃಪ್ತಿಯಾಗದೆ ಬೇರೊಂದು ಲಕ್ಷಣವನ್ನೂ ಹೇಳಿದರು: ನಡುವೆ ಮಹಾನದಿಯೋ ಪರ್ವತವೋ ಅಡ್ಡವಾಗಿದ್ದರೆ, ಅಥವಾ ಮಾತು ಬೇರೆಯಾದರೆ, ಅದು ದೇಶಾಂತರ. ಮತ್ತೂ ಒಂದು ಲಕ್ಷಣವುಂಟು. ಎಲ್ಲಿಯ ಸುದ್ದಿಯು ಹತ್ತು ರಾತ್ರಿಗಳೊಳಗೆ ಬಂದು ಮುಟ್ಟದೋ ಅದು ದೇಶಾಂತರವೆಂದು. ಈ ಕಡೆಯ ಲಕ್ಷಣವು ಎಷ್ಟು ಸೂಕ್ಷ್ಮವಾದುದೆಂಬುದನ್ನು ಗಮನಿಸಬೇಕು. ಅಲ್ಲಿ ದೂರವನ್ನು ಅಳೆದುದು ನೆಲದಿಂದಲ್ಲ, ನಡೆಯುವವನ ಕಾಲಿನಿಂದಲೂ ಅಲ್ಲ, ಸುದ್ದಿಯಿಂದ.

ದೇಶಾಂತರದಲ್ಲಿರುವ ಜ್ಞಾತಿಗಳಿಗೆ ಶಾಸ್ತ್ರವು ಬಹಳ ರಿಯಾಯಿತಿಯನ್ನು ತೋರಿಸಿದೆ. ಕಾಲವು ಮೀರಿದ ಮೇಲೆ ಸುದ್ದಿ ಬಂದರೆ ಅಲ್ಪಕಾಲದ ಆಶೌಚವೋ ಬರಿಯ ಸ್ನಾನವೋ ಸಾಕು. ಆದರೆ ತಂದೆತಾಯಿಗಳ ವಿಷಯದಲ್ಲಿ ಮಗನಿಗೆ ಆ ರಿಯಾಯಿತಿಯಿಲ್ಲ. ಪೈಠೀನಸಿಯ ಹೆಸರಿನಲ್ಲಿ ಉದಾಹರಿಸುವ ವಚನದ ತಾತ್ಪರ್ಯವಿದು: ಮಗನು ಎಷ್ಟೇ ದೂರದಲ್ಲಿರಲಿ, ಕೇಳಿದ ದಿನದಿಂದ ಮೊದಲುಮಾಡಿ ಹತ್ತು ದಿನ ಅವನಿಗೆ ಆಶೌಚವುಂಟು. ಇದರಲ್ಲಿ ಎರಡು ಸಂಗತಿಗಳು ಅಡಗಿವೆ. ಮೊದಲನೆಯದು, ದೂರವು ಇತರರ ಕರ್ತವ್ಯವನ್ನು ಕುಗ್ಗಿಸಿದರೂ ಮಗನದನ್ನು ಕುಗ್ಗಿಸದು. ಎರಡನೆಯದು, ಓಡಿ ಬಾ ಎಂದು ಶಾಸ್ತ್ರವು ಅವನಿಗೆ ವಿಧಿಸುವುದಿಲ್ಲ; ಕೇಳಿದ ದಿನವನ್ನೇ ಮೊದಲ ದಿನವೆಂದು ಎಣಿಸುವುದು. ಕರ್ತವ್ಯವು ಹುಟ್ಟುವುದು ಅರಿವಿನಿಂದ. ಎಲ್ಲಿ ಇರುವನೆಂಬುದಕ್ಕಿಂತ ಏನನ್ನು ಬಲ್ಲನೆಂಬುದು ಅಲ್ಲಿ ಮುಖ್ಯ.

ಇದಕ್ಕೆ ಎಲ್ಲರೂ ಬಲ್ಲ ನಿದರ್ಶನವೊಂದುಂಟು. ಮೋಹನದಾಸ ಗಾಂಧಿಯವರು ನ್ಯಾಯಶಾಸ್ತ್ರವನ್ನು ಓದಲು ಇಂಗ್ಲೆಂಡಿನಲ್ಲಿದ್ದಾಗ ಅವರ ತಾಯಿಯವರು ತೀರಿಕೊಂಡರು. ಪರದೇಶದಲ್ಲಿ ಒಂಟಿಯಾಗಿರುವವನಿಗೆ ಆ ಆಘಾತವಾಗಬಾರದೆಂದು ಅಣ್ಣನವರು ಸುದ್ದಿಯನ್ನು ತಡೆಹಿಡಿದರು. ೧೮೯೧ರಲ್ಲಿ ಮುಂಬಯಿಗೆ ಬಂದಿಳಿದ ಮೇಲೆಯೇ ಮಗನಿಗೆ ಅದು ತಿಳಿದದ್ದು. ಆಗ ಸ್ನಾನಾದಿಗಳನ್ನು ಮಾಡಿದರು. ತಾಯಿಯ ಅಂತ್ಯಕಾಲದಲ್ಲಿ ಬರಲಿಲ್ಲವೆಂದು ಆ ಮಗನನ್ನು ಯಾರೂ ದೂಷಿಸಲಾರರು. ಅಂದಿನ ದೂರವು ದುಃಖವನ್ನು ಹೆಚ್ಚಿಸುತ್ತಿದ್ದಿತು. ಆದರೆ ಅಪರಾಧವನ್ನು ಹೊರಿಸುತ್ತಿರಲಿಲ್ಲ.

ಇಂದಿನ ಸ್ಥಿತಿಯೇ ಬೇರೆ. ಸುದ್ದಿಯು ನಿಮಿಷದೊಳಗೆ ಮುಟ್ಟುವುದು. ಹತ್ತು ರಾತ್ರಿಗಳ ಲಕ್ಷಣದಿಂದ ನೋಡಿದರೆ ಭೂಮಿಯ ಮೇಲೆ ದೇಶಾಂತರವೆಂಬುದೇ ಉಳಿದಿಲ್ಲವೆನ್ನಬೇಕು. ಪಯಣವು ಹದಿನೇಳು ಗಂಟೆ. ಶವವನ್ನು ಕೆಡದಂತೆ ಇಡುವ ಶೀತಪೆಟ್ಟಿಗೆಗಳು ನಮ್ಮ ಸಣ್ಣ ಪಟ್ಟಣಗಳಿಗೂ ಬಂದಿವೆ. ಹಿಂದೆ ಮಗನು ಸಮುದ್ರದಾಚೆಯಿದ್ದರೆ ಕಾಯುವ ಮಾತೇ ಹುಟ್ಟುತ್ತಿರಲಿಲ್ಲ. ಅಧಿಕಾರಿಯಾದ ಇನ್ನೊಬ್ಬನು ಸಂಸ್ಕಾರವನ್ನು ಮಾಡುತ್ತಿದ್ದನು. ಈಗ ಮನೆಯ ಜಗಲಿಯ ಮೇಲೆ ಕುಳಿತ ಬಂಧುಗಳಲ್ಲಿ ಎರಡು ಪಕ್ಷ. ಹದಿನೇಳು ಗಂಟೆ ತಾನೇ, ಬರಲಿ, ಕಾಯೋಣ ಎಂಬುದು ಒಂದು. ಕಾಯಿಸುವುದು ಸರಿಯಲ್ಲ, ಮುಗಿಸೋಣ ಎಂಬುದು ಇನ್ನೊಂದು. ಟಿಕೆಟ್ಟು ದೊರೆಯದೆ ಎರಡು ದಿನ ತಡವಾಗಿ ಬಂದವನ ಮುಖವನ್ನು ಎರಡು ಪಕ್ಷದವರೂ ಓರೆಗಣ್ಣಿನಿಂದ ನೋಡುವರು. ದೂರವು ಕುಗ್ಗಿತು, ಕುಗ್ಗಿದಷ್ಟೂ ನಿಂದೆಗೆ ಅವಕಾಶವು ಹಿಗ್ಗಿತು. ತೀರ ದೂರವಾಗಿದ್ದವನನ್ನು ಜನರು ಮರುಗಿ ಕ್ಷಮಿಸುತ್ತಿದ್ದರು. ಬರಬಹುದಾದಷ್ಟು ಹತ್ತಿರ ಬಂದವನನ್ನು ಕ್ಷಮಿಸುವವರಿಲ್ಲ.

ಇಲ್ಲಿ ಎರಡು ಕಡೆಯ ತಪ್ಪು ತಿಳಿವಳಿಕೆಗಳನ್ನೂ ವಿಮರ್ಶಿಸಬೇಕು. ಹಿರಿಯರಲ್ಲಿ ಕೆಲವರು ಗಂಟೆಯ ಲೆಕ್ಕವನ್ನೇ ಪ್ರೀತಿಯ ಲೆಕ್ಕವನ್ನಾಗಿ ಮಾಡಿಕೊಳ್ಳುವರು. ಬೆಳಿಗ್ಗೆ ಹೊರಟರೆ ಮಾರನೆಯ ದಿನ ಬಂದುಬಿಡಬಹುದಲ್ಲ, ಬರಲಿಲ್ಲವೆಂದರೆ ಮನಸ್ಸಿಲ್ಲವೆಂದೇ ಅರ್ಥ ಎನ್ನುವರು. ಬಾಗಿಲುಗಳ ಸಂಗತಿಯನ್ನು ಆಗಲೇ ಹೇಳಿದೆವು. ವಿಮಾನದ ವೇಗಕ್ಕೆ ಕಟ್ಟಿದ ಈ ನ್ಯಾಯವು ನ್ಯಾಯವಲ್ಲ. ಕಿರಿಯರಲ್ಲಿ ಕೆಲವರು ಇದಕ್ಕೆ ವಿರುದ್ಧವಾಗಿ ಕಿಲೋಮೀಟರಿನ ಹಿಂದೆ ಅವಿತುಕೊಳ್ಳುವರು. ಹದಿನಾಲ್ಕು ಸಾವಿರ ಕಿಲೋಮೀಟರಿನಾಚೆ ಇದ್ದು ಏನು ಮಾಡಲಾದೀತು ಎನ್ನುವರು. ಆದರೆ ಅದೇ ದೂರವನ್ನು ಉದ್ಯೋಗದ ಕಾರಣಕ್ಕೋ ವಿಹಾರಕ್ಕೋ ದಾಟಲು ಅವರಿಗೆ ಅಷ್ಟು ಕಷ್ಟವಾಗದು. ಒಂದು ಕಾರ್ಯಕ್ಕೆ ಹತ್ತಿರವಾದದ್ದು ಇನ್ನೊಂದು ಕಾರ್ಯಕ್ಕೆ ದೂರವಾಗುವುದಾದರೆ, ಆ ದೂರವು ಭೂಮಿಯ ಮೇಲಿನದಲ್ಲವೆಂಬುದು ಸ್ಪಷ್ಟ.

ತರ್ಕಸಂಗ್ರಹವನ್ನು ಓದಿದವರಿಗೆ ಇಲ್ಲಿ ಪರತ್ವ ಅಪರತ್ವಗಳ ನೆನಪಾಗದಿರದು. ಇಪ್ಪತ್ತನಾಲ್ಕು ಗುಣಗಳಲ್ಲಿ ಇವೂ ಸೇರಿವೆ. ಪರತ್ವವು ಎರಡು ವಿಧ. ದಿಕ್ಕಿನಿಂದ ಆದ ಪರತ್ವವೆಂದರೆ ದೂರದಲ್ಲಿರುವಿಕೆ. ಕಾಲದಿಂದ ಆದ ಪರತ್ವವೆಂದರೆ ಹಿರಿತನ. ದೂರವನ್ನೂ ಹಿರಿತನವನ್ನೂ ನಮ್ಮ ತಾರ್ಕಿಕರು ಒಂದೇ ಹೆಸರಿನಿಂದ ಕರೆದರು. ಇವು ಅಪೇಕ್ಷಾಬುದ್ಧಿಯಿಂದ ಹುಟ್ಟುವುವೆಂದೂ ಹೇಳಿದರು. ಅಂದರೆ, ಇದಕ್ಕಿಂತ ಅದು ದೂರ, ಇವನಿಗಿಂತ ಅವನು ಹಿರಿಯ ಎಂದು ಎಣಿಸುವ ಬುದ್ಧಿಯು ಇಲ್ಲದೆ ಈ ಗುಣಗಳು ಉತ್ಪನ್ನವಾಗವು.

ಈ ವಿಭಾಗವನ್ನು ನಮ್ಮ ಪ್ರಶ್ನೆಗೆ ಅನ್ವಯಿಸಿ ನೋಡಿದರೆ ಗಂಟು ಸಡಿಲವಾಗುವುದು. ವಿಮಾನವು ದಿಕ್ಕಿನಿಂದಾದ ಪರತ್ವವನ್ನು ಬಹುಮಟ್ಟಿಗೆ ಜಯಿಸಿದೆ. ವಾರಗಳ ದಾರಿಯನ್ನು ಹದಿನೇಳು ಗಂಟೆಗೆ ಇಳಿಸಿದೆ. ಆದರೆ ಕಾಲದಿಂದಾದ ಪರತ್ವವನ್ನು ಅದು ಒಂದು ಘಳಿಗೆಯಷ್ಟಾದರೂ ಕಡಿಮೆ ಮಾಡಲಾರದು. ಎಪ್ಪತ್ತು ವರ್ಷದ ತಂದೆಯು ಮುಂದಿನ ವರ್ಷ ಎಪ್ಪತ್ತೊಂದು ವರ್ಷದವನೇ. ಕಣ್ಣು ಮಂಜಾಗುವುದು, ಕಿವಿ ಮಂದವಾಗುವುದು, ಮೊಮ್ಮಗನ ಹೆಸರು ಒಂದು ದಿನ ಮರೆತುಹೋಗುವುದು. ಇವಕ್ಕೆ ಗಂಟೆಗೆ ಇಷ್ಟೆಂಬ ವೇಗವಿಲ್ಲ, ತಡೆದು ನಿಲ್ಲಿಸುವ ನಿಲ್ದಾಣವೂ ಇಲ್ಲ. ಮಗನು ಹದಿನೇಳು ಗಂಟೆಯ ದೂರದಲ್ಲಿ ನಿಂತಿರುವಾಗ ತಂದೆಯು ಬೇರೊಂದು ದಿಕ್ಕಿನಲ್ಲಿ ದಿನದಿನವೂ ದೂರ ಹೋಗುತ್ತಿರುವನು. ಯಾವಾಗ ಬೇಕಾದರೂ ಬರಬಹುದೆಂಬ ಧೈರ್ಯವನ್ನು ವಿಮಾನವು ಕೊಟ್ಟಿದೆ. ಆ ಧೈರ್ಯದಿಂದಲೇ ಈ ವರ್ಷವಲ್ಲದಿದ್ದರೆ ಮುಂದಿನ ವರ್ಷ ಎಂಬ ಮಾತು ಹುಟ್ಟಿದೆ. ಗೌರಿಯ ಹಬ್ಬಕ್ಕೆ ಹನ್ನೊಂದು ಹರಿದಾರಿ ಗಾಡಿಯಲ್ಲಿ ಬರುತ್ತಿದ್ದ ಮಗಳಿಗೆ ಅಂಥ ಧೈರ್ಯವಿರಲಿಲ್ಲ. ಹಬ್ಬ ತಪ್ಪಿದರೆ ವರ್ಷವೇ ತಪ್ಪಿತೆಂದು ಬಲ್ಲವಳಾದುದರಿಂದ ಅವಳು ಬರುತ್ತಿದ್ದಳು.

ಆದಕಾರಣ ನಮ್ಮ ನಿರ್ಣಯವಿದು. ದೂರವು ಕರ್ತವ್ಯವನ್ನು ಕುಗ್ಗಿಸದು. ಆದರೆ ಯಾವ ಕರ್ತವ್ಯವೆಂಬುದನ್ನು ವಿವೇಚಿಸಬೇಕು. ಅಂತ್ಯಕಾಲದಲ್ಲಿ ಹಾಜರಿರುವುದನ್ನೇ ಕರ್ತವ್ಯದ ಸರ್ವಸ್ವವೆಂದು ತಿಳಿದರೆ ಅದು ಗಾಳಿಗೂ ಟಿಕೆಟ್ಟಿಗೂ ರಜೆಗೂ ಅಧೀನವಾದ ವಸ್ತುವಾಗುವುದು. ಮನುಷ್ಯನ ಕೈಯಲ್ಲಿಲ್ಲದ್ದನ್ನು ಅವನ ಧರ್ಮವೆಂದು ವಿಧಿಸಬಾರದು. ಹಾಗೆ ತಡವಾಗಿ ಬಂದ ಮಗನನ್ನು ಮನೆಯವರೂ ಊರವರೂ ನಿಂದಿಸದೆ ಒಳಗೆ ಕರೆದು ಕುಳ್ಳಿರಿಸತಕ್ಕದ್ದು. ಕೇಳಿದ ದಿನವೇ ಅವನಿಗೆ ಮೊದಲ ದಿನವೆಂದು ಶಾಸ್ತ್ರವೇ ಅವನ ಪಕ್ಷದಲ್ಲಿ ನಿಂತಿದೆ. ಹಿರಿಯರು ಬದುಕಿರುವಾಗಲೇ, ನನಗಾಗಿ ಯಾರೂ ಕಾಯಬೇಡಿ, ಸಮೀಪದಲ್ಲಿರುವವರು ಮಾಡಿ ಮುಗಿಸಿರಿ ಎಂದು ಬಾಯಿ ಬಿಟ್ಟು ಹೇಳಿದರೆ ಮಕ್ಕಳ ತಲೆಯ ಮೇಲಿಂದ ದೊಡ್ಡದೊಂದು ಹೊರೆಯನ್ನು ಇಳಿಸಿದಂತಾಗುವುದು.

ಆದರೆ ಕೇಳಿದ ದಿನದಿಂದ ಎಂಬ ಮಾತನ್ನು ಮಕ್ಕಳೂ ಪೂರ್ಣವಾಗಿ ಗ್ರಹಿಸಬೇಕು. ಮರಣದ ಸುದ್ದಿಯನ್ನು ಕೇಳುವ ದಿನ ಮುಂದೆಂದೋ ಬರುವುದು. ತಂದೆತಾಯಿಗಳು ಮುಪ್ಪಾಗುತ್ತಿರುವರೆಂಬ ಸುದ್ದಿಯನ್ನಾದರೋ ಅವರು ಈಗಾಗಲೇ ಕೇಳಿರುವರು. ಪ್ರತಿವಾರದ ದೂರವಾಣಿಯಲ್ಲಿ ದನಿ ಸಣ್ಣಗಾಗುವುದನ್ನು ಕೇಳುತ್ತಿರುವರು. ಹತ್ತು ರಾತ್ರಿಗಳೊಳಗೆ ಸುದ್ದಿ ಬಾರದ ದೇಶದಲ್ಲಿ ಅವರಿಲ್ಲ. ಅರಿವು ಹುಟ್ಟಿದ ಮೇಲೆ ಕರ್ತವ್ಯವೂ ಹುಟ್ಟಿದೆ. ಬಾಗಿಲುಗಳು ತೆರೆದಿರುವವನು ಹದಿನೇಳು ಗಂಟೆಯ ಆ ದಾರಿಯನ್ನು ತಂದೆಯು ಮಾತನಾಡಬಲ್ಲ ಕಾಲದಲ್ಲಿ ಒಮ್ಮೆ ಹೆಚ್ಚಾಗಿಯೇ ನಡೆಯಲಿ. ತೆರೆಯದವನು ದನಿಯಿಂದಲಾದರೂ ಬರಲಿ, ಅವರ ಸಂಜೆಯ ಹೊತ್ತಿಗೆ ತನ್ನ ನಿದ್ರೆಯನ್ನು ಬಿಟ್ಟು ಏಳಲಿ. ಹಾಗೆ ಮಾಡಿದವನು ಕಡೆಯ ದಿನ ಬಾರದೆ ಹೋದರೂ ದೇಶಾಂತರದಲ್ಲಿದ್ದವನೆನಿಸುವುದಿಲ್ಲ.